ಬೆಂಗಳೂರಿನ ಗಾಳಿ ಮಾಟುಂಗದಲ್ಲಿ ಸಾಲಲಿಲ್ಲ

ಹೊರಡುವ ಮುನ್ನ

ಮುಂಬೈಯ ಮಾಟುಂಗದಲ್ಲಿರುವ ನಮ್ಮ ಸೋದರಮಾವನಿಗೆ ಎಪ್ಪತ್ತು ತುಂಬಿತು. ಭಾನುವಾರ ಭೀಮರಥ ಶಾಂತಿ. "ಮಾಣಿಯನ್ನು ಕರ್ಕೊಂಡೇ ಬರ್ಬೇಕು. ಅವನಿಲ್ಲದಿದ್ರೆ ನೀನೂ ಬರ್ಬೇಡ" ಎಂದು ಅತ್ತೆ ಫೋನಿನಲ್ಲೇ ತೀರ್ಪು ಕೊಟ್ಟರು. ಕುಂದಾಪುರ ಬಿಟ್ಟು ನಲವತ್ತು ವರ್ಷದ ಮೇಲಾದರೂ ಅವರ ಬಾಯಲ್ಲಿ ನನ್ನ ತಮ್ಮ ಇನ್ನೂ ಮಾಣಿಯೇ. ವಯಸ್ಸು ಮೂವತ್ತು ದಾಟಿದೆ. ಬೈಕ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದ ಮೇಲೆ ಹೊಕ್ಕುಳಿನಿಂದ ಕೆಳಗೆ ಅವನಿಗೆ ಏನೂ ಗೊತ್ತಾಗುವುದಿಲ್ಲ. ವೀಲ್‌ಚೇರಿನಲ್ಲೇ ಆಫೀಸು, ವೀಲ್‌ಚೇರಿನಲ್ಲೇ ಕ್ರಿಕೆಟ್ ಜಗಳ.

ವೀಲ್‌ಚೇರ್ ಅಂದರೆ ಜನರಿಗೆ ಚಕ್ರ ಮಾತ್ರ ಕಾಣುತ್ತದೆ. ಅವನಿಗೆ ಮುಖ್ಯವಾದದ್ದು ಅದರ ಮೇಲೆ ಕೂರಿಸಿರುವ ಎರಡು ವಸ್ತು. ಒಂದು, ಬೆನ್ನಿಗೆ ಒತ್ತಾಸೆ ಕೊಡುವ ಗಟ್ಟಿ ಬ್ಯಾಕ್‌ರೆಸ್ಟ್. ಇದು ಅವನ ಬೆನ್ನಿನ ಅಳತೆ ತೆಗೆದು ಹೊಂದಿಸಿದ್ದು. ಇನ್ನೊಂದು, ಗಾಳಿ ತುಂಬುವ ಕಪ್ಪು ರಬ್ಬರ್ ಕುಶನ್. ಕವರ್ ತೆಗೆದರೆ ಪಡ್ಡಿನ ಹಂಚನ್ನು ಬೋರಲು ಹಾಕಿದ ಹಾಗೆ ಸಾಲು ಸಾಲು ಗುಬುಟುಗಳು. ಎಲ್ಲದರ ಒಳಗೂ ಒಂದೇ ಗಾಳಿ ಓಡಾಡುತ್ತದೆ. ಹಾಗಾಗಿ ಮೂಳೆ ಒತ್ತುವ ಕಡೆ ಕುಶನ್ ತಗ್ಗುತ್ತದೆ, ಭಾರ ಎಲ್ಲ ಕಡೆ ಹಂಚಿಹೋಗುತ್ತದೆ.

ಇದು ಐಷಾರಾಮಕ್ಕಲ್ಲ. ನಮಗೆ ಒಂದೇ ಕಡೆ ಕೂತು ನೋವಾದರೆ ಗೊತ್ತಿಲ್ಲದೆಯೇ ಮಗ್ಗುಲು ಬದಲಿಸುತ್ತೇವೆ. ಅವನಿಗೆ ನೋವೇ ಇಲ್ಲ. ಗಟ್ಟಿ ಸೀಟಿನ ಮೇಲೆ ಒಂದೆರಡು ಗಂಟೆ ಸುಮ್ನೆ ಕೂತರೆ ಪೃಷ್ಠದ ಮೂಳೆಯ ಕೆಳಗೆ ರಕ್ತ ಓಡಾಡದೆ ಚರ್ಮ ಸಾಯಲು ಶುರುವಾಗುತ್ತದೆ. ಹಿಂದೊಮ್ಮೆ ಹಾಗೆ ಬೆಡ್‌ಸೋರ್ ಆಗಿ ತಿಂಗಳುಗಟ್ಟಲೆ ಬೋರಲು ಮಲಗಿದ್ದ. ಆಮೇಲಿಂದ ಕುಶನ್ ವಿಷಯದಲ್ಲಿ ಅವನದು ರಾಜಿಯೇ ಇಲ್ಲ.

ಟಿಕೆಟ್ ಮಾಡಿದ ಕೂಡಲೇ ವಿಮಾನ ಕಂಪನಿಗೆ ಫೋನ್ ಹಚ್ಚಿದೆವು. ವಿಮಾನಯಾನವನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮದ ಪ್ರಕಾರ 48 ಗಂಟೆ ಮುಂಚೆ ತಿಳಿಸಬೇಕು. ಸ್ವಂತ ವೀಲ್‌ಚೇರ್ ಒಯ್ಯಲು ದುಡ್ಡು ಕೇಳುವಂತಿಲ್ಲ. "ವೀಲ್‌ಚೇರ್ ಬೇಕು" ಎಂದಷ್ಟೇ ಹೇಳಿದರೆ ಸಾಲದು. ಅವರ ಲೆಕ್ಕದಲ್ಲಿ ಇದಕ್ಕೆ ಮೂರು ಬಗೆ. ಡಬ್ಲ್ಯೂಸಿಎಚ್‌ಆರ್ ಅಂದರೆ ದೂರ ನಡೆಯಲು ಆಗದವರು. ಕೊನೆಯಲ್ಲಿ ಎಸ್ ಇದ್ದರೆ ಮೆಟ್ಟಿಲು ಹತ್ತಲಾಗದವರು. ಸಿ ಇದ್ದರೆ ಸೀಟಿನವರೆಗೂ ಕೂರಿಸಿಕೊಂಡೇ ಹೋಗಬೇಕಾದವರು. ಆ ಕೊನೆಯ ಸಿ ಬರೆಸದಿದ್ದರೆ, ಕ್ಯೂ ತಪ್ಪಿಸಲು ವೀಲ್‌ಚೇರ್ ಹೇಳಿದ ಗಟ್ಟಿಮುಟ್ಟಾದ ಅಂಕಲ್‌ಗಳ ಪಟ್ಟಿಗೆ ತಮ್ಮನೂ ಸೇರುತ್ತಾನೆ. ವಿಮಾನದ ಬಾಗಿಲಲ್ಲಿ "ಸರ್, ಇಲ್ಲಿಂದ ನಡೀತೀರಲ್ವಾ?" ಎಂಬ ಪ್ರಶ್ನೆ ಬರುತ್ತದೆ.

ತಮ್ಮನ ಫೈಲಿನಲ್ಲಿ ನಿಯಮದ ಪ್ರಿಂಟ್ ಸದಾ ಇರುತ್ತದೆ. ಅದರ ಹಿಂದೆ ಜೀಜಾ ಘೋಷ್ ಪ್ರಕರಣದ ಒಂದು ಪುಟ. 2012ರಲ್ಲಿ ಕೋಲ್ಕತ್ತದಿಂದ ಗೋವಾದ ಸಮ್ಮೇಳನವೊಂದಕ್ಕೆ ಹೊರಟಿದ್ದ ಅವರನ್ನು, ಸೆರೆಬ್ರಲ್ ಪಾಲ್ಸಿ ಇದೆ ಎಂಬ ಕಾರಣಕ್ಕೆ, ಸೀಟಿನಲ್ಲಿ ಕೂತ ಮೇಲೆ ಎಬ್ಬಿಸಿ ಇಳಿಸಿದ್ದರು. 2016ರಲ್ಲಿ ಸುಪ್ರೀಂ ಕೋರ್ಟ್ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. "ಇದನ್ನು ತೋರಿಸುವ ಪ್ರಸಂಗ ಬರಲ್ಲ ಅಕ್ಕ. ಆದ್ರೂ ಇರಲಿ, ಧೈರ್ಯಕ್ಕೆ" ಅನ್ನುತ್ತಾನೆ.

ಹಿಂದಿನ ರಾತ್ರಿ ಕುರ್ಚಿಯ ಫೋಟೊ ತೆಗೆದೆ. ನಾಲ್ಕೂ ಕಡೆಯಿಂದ, ಬ್ರೇಕ್ ಹತ್ತಿರದಿಂದ, ತಾರೀಖು ಕಾಣುವ ಹಾಗೆ. ಒಂದು ಹಾಳೆಗೆ "ಇದು ಮಡಚುವ ಕುರ್ಚಿಯಲ್ಲ. ಈ ಕೊಳವೆ ಹಿಡಿದು ಎತ್ತಿ" ಎಂದು ಕನ್ನಡ, ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ಬರೆದು, ಬಾಣದ ಗುರುತಿನ ಚಿತ್ರ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಫ್ರೇಮಿಗೆ ಕಟ್ಟಿದೆವು.

ಶನಿವಾರ

ಬೆಂಗಳೂರು ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಒಳ್ಳೆಯವಳು. ಆದರೆ ಅವಳಿಗೆ ಕಲಿಸಿದ್ದು ಒಂದೇ ವಾಕ್ಯ. "ಸರ್, ನೀವು ನಮ್ಮ ವೀಲ್‌ಚೇರಿಗೆ ಶಿಫ್ಟ್ ಆಗಿ, ನಿಮ್ಮದನ್ನು ಬ್ಯಾಗೇಜಿಗೆ ಹಾಕ್ತೀವಿ." ಅವರ ಕುರ್ಚಿಯ ಸೀಟು ಜೋತುಬಿದ್ದ ರೆಕ್ಸಿನ್. ಅದರಲ್ಲಿ ಕೂತರೆ ತಮ್ಮನ ಸೊಂಟ ಒಂದು ಕಡೆ ವಾಲುತ್ತದೆ, ಬೆನ್ನು ಬಾಗುತ್ತದೆ. ವಿಮಾನದ ಬಾಗಿಲ ತನಕ ನನ್ನ ಕುರ್ಚಿಯಲ್ಲೇ ಬರುತ್ತೇನೆ, ಇಳಿಯುವಾಗಲೂ ಬಾಗಿಲಿಗೇ ತಂದುಕೊಡಬೇಕು ಎಂದು ತಮ್ಮ ನಗುತ್ತಲೇ ಹೇಳಿದ. ಅವಳು ಸೂಪರ್‌ವೈಸರನ್ನು ಕರೆದಳು. ಅವರು ಹಾಗೇ ಬರೆದ ಟ್ಯಾಗ್ ಕಟ್ಟಿದರು. ಟ್ಯಾಗಿಗೂ ಒಂದು ಫೋಟೊ ಆಯಿತು.

ಸೆಕ್ಯುರಿಟಿಯಲ್ಲಿ ಸಿಐಎಸ್‌ಎಫ್ ಜವಾನ ಕುರ್ಚಿಯ ಮೂಲೆಮೂಲೆಗೆ ಬಟ್ಟೆಯ ಚೂರು ಉಜ್ಜಿ ಯಂತ್ರಕ್ಕಿಟ್ಟ. ಸ್ಫೋಟಕದ ಪುಡಿ ಇದ್ದರೆ ಅದು ಹಿಡಿಯುತ್ತದಂತೆ. ಅದೆಲ್ಲ ಸಲೀಸು. ಸಿಕ್ಕಿಹಾಕಿಕೊಂಡದ್ದು ಕುಶನ್ನಿನ ಪುಟ್ಟ ಕೈಪಂಪು. "ಯೇ ಕ್ಯಾ ಹೈ?" ತಮ್ಮ ಪಂಪನ್ನು ಜವಾನನ ಅಂಗೈಗೆ ಹಿಡಿದು ಪುಸ್ ಪುಸ್ ಎಂದು ಗಾಳಿ ಬಿಟ್ಟು ತೋರಿಸಿದ. ಆತ ಪಕ್ಕದವನನ್ನು ಕರೆದು ಅವನಿಗೂ ಬಿಡಿಸಿದ.

ಟರ್ಮಿನಲ್ಲಿನಿಂದ ವಿಮಾನದ ಬಾಗಿಲಿಗೆ ಸೇರುವ ಮುಚ್ಚಿದ ಓಣಿ, ಅಂದರೆ ಏರೋಬ್ರಿಜ್‌ನ ತುದಿಯಲ್ಲಿ ನಮ್ಮ ಕೆಲಸ ಶುರು. ಬಿಚ್ಚಲು ಬರುವುದನ್ನೆಲ್ಲ ಬಿಚ್ಚಿ ಜೊತೆಗಿಟ್ಟುಕೊಳ್ಳಬೇಕು. ಕುಶನ್ ಕಂಕುಳಿಗೆ. ಬ್ಯಾಕ್‌ರೆಸ್ಟಿನ ಎರಡು ಚಿಲಕ ಎಳೆದರೆ ಅದು ಕೈಗೆ ಬರುತ್ತದೆ, ಅದು ಬೆನ್ನಚೀಲಕ್ಕೆ. ಪಕ್ಕದ ತಟ್ಟೆಗಳು ಇನ್ನೊಂದು ಚೀಲಕ್ಕೆ. ಹೊಟ್ಟೆಯಲ್ಲಿ, ಅಂದರೆ ಸಾಮಾನಿನ ಕೋಣೆಯಲ್ಲಿ, ಬರಿ ಫ್ರೇಮು ಮತ್ತು ಚಕ್ರ ಹೋಗಲಿ. ಅಷ್ಟರಲ್ಲಿ ಒಬ್ಬರು ಬಂದು ಟೈರಿನ ಗಾಳಿ ಬಿಡಿ ಎಂದರು. ಸಾಮಾನಿನ ಕೋಣೆಯಲ್ಲೂ ನಾವು ಕೂರುವ ಕಡೆ ಇರುವಷ್ಟೇ ಗಾಳಿಯೊತ್ತಡ ಇರುತ್ತದೆ, ಟೈರ್ ಒಡೆಯುವುದಿಲ್ಲ ಎಂದು ತಮ್ಮ ವಿವರಿಸಿದ. ನಂಬಿದರೋ, ಕ್ಯೂ ಬೆಳೆಯುತ್ತಿದೆ ಎಂದು ಬಿಟ್ಟರೋ.

ಒಳಗೆ ಹೋಗಲು ಅಡಿಗಿಂತ ಸ್ವಲ್ಪ ಅಗಲದ ಕುರ್ಚಿ ತರುತ್ತಾರೆ. ಸೀಟುಗಳ ನಡುವಿನ ಓಣಿಯಲ್ಲಿ ಹಿಡಿಸಬೇಕಲ್ಲ. ಎದೆಗೂ ತೊಡೆಗೂ ಪಟ್ಟಿ ಬಿಗಿದು ಹಿಂದೆ ಎಳೆಯುತ್ತಾರೆ. ಸೀಟಿನ ಹತ್ತಿರ ಬಂದ ಮೇಲೆ ಓಣಿ ಬದಿಯ ಕೈಯಾಸರೆ ಅಡ್ಡ. ಅದನ್ನು ದಾಟಿಸಿ ಎತ್ತಲು ಇಬ್ಬರು ಸಹಾಯಕರು ತೋಳೇರಿಸಿದರು. "ಒಂದ್ನಿಮಿಷ" ಎಂದು ತಮ್ಮ ಕೈಯಾಸರೆಯ ತಳದಲ್ಲಿ, ಕೀಲಿನ ಪಕ್ಕ ಬೆರಳಾಡಿಸಿದ. ಅಲ್ಲೊಂದು ಗುಪ್ತ ಗುಂಡಿ ಇತ್ತು. ಒತ್ತಿದರೆ ಕೈಯಾಸರೆ ಮೇಲಕ್ಕೆ ಹೋಯಿತು. ಗಗನಸಖಿಗೂ ಅದು ಹೊಸ ಸುದ್ದಿ. ಎಲ್ಲ ಸಾಲಿನಲ್ಲೂ ಇದು ಇರುವುದಿಲ್ಲ. ಹಾಗಾಗಿ ಸೀಟು ಕೊಡುವಾಗಲೇ ಕೇಳುವುದು ಒಳ್ಳೆಯದು.

ವಿಮಾನದ ಸೀಟಿನ ಮೇಲೆ ಮೊದಲೇ ಕುಶನ್ ಹಾಸಿದ್ದೆ. ಬೆಲ್ಟ್ ಸರಿಯಾಗಿ ಬಿಗಿಯುತ್ತದೆಯೇ ಎಂದು ಹಿರಿಯ ಗಗನಸಖಿ ಬಂದು ಎಳೆದು ನೋಡಿ ಒಪ್ಪಿದರು.

ಕುಶನ್ನಿನ ನಿಜವಾದ ಆಟ ಮೇಲೇರಿದ ಮೇಲೆ. ವಿಮಾನ ಎಷ್ಟೇ ಎತ್ತರದಲ್ಲಿದ್ದರೂ ಒಳಗಿನ ಗಾಳಿಯೊತ್ತಡವನ್ನು ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಟ್ಟಿರುತ್ತಾರೆ. ಮುಳ್ಳಯ್ಯನಗಿರಿಯ ತುದಿಯೋ, ಅದಕ್ಕಿಂತ ಸ್ವಲ್ಪ ಮೇಲೋ ಕೂತಂತೆ ಲೆಕ್ಕ. ಹೊರಗಿನ ಒತ್ತಡ ಇಳಿದರೆ ಕುಶನ್ನಿನೊಳಗಿನ ಗಾಳಿ ಹಿಗ್ಗುತ್ತದೆ. ಬೆಂಗಳೂರಿನಲ್ಲಿ ಸರಿಯಾಗಿದ್ದದ್ದು ಅಲ್ಲಿ ಬಿರುಸಾಗುತ್ತದೆ. ಕೂತವರು ಅದರೊಳಗೆ ಇಳಿಯದೆ ಮೇಲೇ ತೇಲುತ್ತಾರೆ, ಭಾರವೆಲ್ಲ ಎರಡು ಮೂಳೆಗಳ ಮೇಲೆ. ತಮ್ಮ ಮುಂದಕ್ಕೆ ಬಾಗಿ, ನಾನು ಅವನ ಪೃಷ್ಠದ ಕೆಳಗೆ ಕೈ ತೂರಿಸಿ ನೋಡಿದೆ. ಮೂಳೆಗೂ ಕುಶನ್ನಿನ ತಳಕ್ಕೂ ನಡುವೆ ಅರ್ಧದಿಂದ ಒಂದು ಇಂಚು ಜಾಗ ಇರಬೇಕು. ಅದಕ್ಕಿಂತ ಜಾಸ್ತಿಯೇ ಇತ್ತು. ವಾಲ್ವ್ ತಿರುಗಿಸಿ ಸ್ವಲ್ಪ ಗಾಳಿ ಬಿಟ್ಟೆವು. ಕಿಟಕಿ ಬದಿಯ ಹುಡುಗ ಕಿವಿಯ ಇಯರ್‌ಫೋನ್ ತೆಗೆದು ಒಮ್ಮೆ ನೋಡಿ, ಮತ್ತೆ ಹಾಕಿಕೊಂಡ. ಅಷ್ಟಕ್ಕೇ ಮುಗಿಯಲಿಲ್ಲ. ಕಾಲು ಗಂಟೆಗೊಮ್ಮೆ ಮುಂದಕ್ಕೆ ಬಾಗುವುದು, ಎಡಕ್ಕೆ ವಾಲುವುದು, ಬಲಕ್ಕೆ ವಾಲುವುದು ನಡೆದೇ ಇತ್ತು. ಶೌಚಾಲಯದ ಮಾತೇ ಇಲ್ಲ. ಆ ಗೂಡಿಗೆ ಅವನು ಹೋಗಲಾರ. ಹತ್ತುವ ಮುಂಚೆ ಮೂತ್ರ ತೆಗೆಯುವ ನಳಿಕೆ, ಕ್ಯಾಥೆಟರ್ ಹಾಕಿ ಮುಗಿಸಿಕೊಂಡು, ನೀರನ್ನು ಲೆಕ್ಕವಿಟ್ಟು ಕುಡಿಯುವುದು.

ಮುಂಬೈ ಸಮುದ್ರದ ಮಟ್ಟ. ಬೆಂಗಳೂರು ಸುಮಾರು 900 ಮೀಟರ್ ಮೇಲೆ. ಆಕಾಶದಲ್ಲಿ ಗಾಳಿ ಬಿಡದೇ ಇದ್ದಿದ್ದರೂ ಇಲ್ಲಿ ಕುಶನ್ ಹತ್ತರಲ್ಲಿ ಒಂದು ಪಾಲು ಕುಗ್ಗುತ್ತಿತ್ತು. ಬಿಟ್ಟದ್ದೂ ಸೇರಿ ಚಪ್ಪಟೆಯಾಗಿತ್ತು. ವಿಮಾನದ ಚಕ್ರ ನೆಲ ಮುಟ್ಟಿದಾಗ ಕೈ ಹಾಕಿದರೆ ಮೂಳೆ ನೇರ ತಳಕ್ಕೆ ತಾಗುತ್ತಿದೆ. ಎಲ್ಲರೂ ಎದ್ದುನಿಂತು ಚೀಲ ಇಳಿಸುತ್ತಿರುವಾಗ ನಾನು ಬಗ್ಗಿ ಪಂಪು ಹೊಡೆಯುತ್ತಿದ್ದೆ.

ವಿಮಾನ ಟರ್ಮಿನಲ್ಲಿನಿಂದ ದೂರದಲ್ಲಿ ನಿಂತಿತ್ತು. ಏರೋಬ್ರಿಜ್ ಇಲ್ಲ. ಆಂಬುಲಿಫ್ಟ್ ಬಂತು. ಲಾರಿಯ ಮೇಲಿನ ಕೋಣೆ ಇಡಿಯಾಗಿ ಮೇಲೆದ್ದು ವಿಮಾನದ ಬಾಗಿಲಿಗೆ ಅಂಟಿಕೊಳ್ಳುತ್ತದೆ. ಆದರೆ ಅದರಲ್ಲಿ ನಮ್ಮ ಕುರ್ಚಿ ಇರಲಿಲ್ಲ. ಟ್ಯಾಗಿನಲ್ಲಿ ಏನು ಬರೆದಿದ್ದರೇನು, ಯಾರೋ ಅದನ್ನು ಸೂಟ್‌ಕೇಸುಗಳ ಜೊತೆ ಬೆಲ್ಟಿಗೆ ಕಳಿಸಿದ್ದರು. ತಮ್ಮ ಅಲ್ಲಿಯ ಕುರ್ಚಿಯಲ್ಲಿ ಬೆಲ್ಟಿನ ತನಕ ಹೋಗಬೇಕಾಯಿತು. ಆದರೆ ಅವನ ಕುಶನ್ ಅವನ ಕೆಳಗಿತ್ತು, ಅವನ ಬ್ಯಾಕ್‌ರೆಸ್ಟನ್ನು ಟವೆಲ್ ಸುತ್ತಿ ಬೆನ್ನಿಗೆ ಕೊಟ್ಟಿದ್ದೆ. ಅದೆರಡೂ ಕುರ್ಚಿಯ ಜೊತೆ ಹೋಗಿದ್ದರೆ ಆ ಕಾಯುವಿಕೆಯ ಬೆಲೆ ಬೇರೆಯೇ ಆಗುತ್ತಿತ್ತು.

ಕುರ್ಚಿ ಮಗುಚಿಕೊಂಡು ಬೆಲ್ಟಿನ ಮೇಲೆ ಬಂತು. ಎಡಗಡೆಯ ಬ್ರೇಕ್ ತಿರುಚಿ ಟೈರಿಗೆ ತಾಗದೆ ನಿಂತಿತ್ತು. ಅಲ್ಲಿಂದ ಹೊರಗೆ ಕಾಲಿಟ್ಟರೆ ನಮ್ಮ ಮಾತಿಗೆ ಬೆಲೆ ಇಲ್ಲ. ಅದಕ್ಕೇ ಅಲ್ಲೇ ಕೂತು ದೂರು ಬರೆಸಿದೆವು. ನಿನ್ನೆ ರಾತ್ರಿಯ ಫೋಟೊ, ಈಗಿನ ಫೋಟೊ ಪಕ್ಕಪಕ್ಕ ಇಟ್ಟು ತೋರಿಸಿದೆ. ವರದಿಯ ನಂಬರ್ ಸಿಕ್ಕ ಮೇಲೇ ಎದ್ದದ್ದು.

ಟ್ಯಾಕ್ಸಿಯಲ್ಲಿ ಮತ್ತೊಂದು ಸರ್ಕಸ್. ಡಿಕ್ಕಿಯ ತುಂಬ ಸಿಎನ್‌ಜಿ ಸಿಲಿಂಡರ್. ಚಕ್ರದ ನಡುವಿನ ಗುಂಡಿ ಒತ್ತಿ ಎರಡೂ ಚಕ್ರ ಕಳಚಿ, ಫ್ರೇಮನ್ನು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂರಿಸಿದೆ. ಚಕ್ರಗಳು ನನ್ನ ತೊಡೆಯ ಮೇಲೆ.

ಮನೆ ಮುಟ್ಟುವಾಗ ಸಂಜೆ. ಬ್ರೇಕ್ ಇಲ್ಲದ ಕುರ್ಚಿಯಿಂದ ಮಂಚಕ್ಕೆ ದಾಟುವುದು ಅಪಾಯ. ಅರ್ಧಕ್ಕೇ ಕುರ್ಚಿ ಜಾರಿದರೆ ಆಯಿತು. ಅತ್ತೆ ಹಾಜಿ ಅಲಿಯ ಹತ್ತಿರದ ಪುನರ್ವಸತಿ ಸಂಸ್ಥೆಯ ಹೆಸರು ಹೇಳಿದರು. 1955ರಿಂದ ಇರುವ ಕೇಂದ್ರ ಸರ್ಕಾರದ ದೊಡ್ಡ ಸಂಸ್ಥೆ ಅದು. ಆದರೆ ಶನಿವಾರ ಸಂಜೆ ಯಾರು ಸಿಗುತ್ತಾರೆ? ಮಾವ ಚಪ್ಪಲಿ ಮೆಟ್ಟಿಕೊಂಡು, "ಎಂತ ದೊಡ್ಡ ವಿಷಯ ಮಾರಾಯಾ, ಬಾ" ಎಂದು ಗಲ್ಲಿಯ ಸೈಕಲ್ ರಿಪೇರಿಯವನ ಹತ್ತಿರ ಕರೆದೊಯ್ದರು.

ಅಂಗಡಿಯೆಂದರೆ ಗೋಡೆಗೆ ಒರಗಿಸಿದ ಒಂದು ಪೆಟ್ಟಿಗೆ, ನೀರಿನ ಬೋಗುಣಿ, ನೇತುಹಾಕಿದ ಟ್ಯೂಬುಗಳು. "ಕಾಯ್ ಝಾಲಂ?" ಎಂದು ಕೇಳಿ ಆತ ತಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತ. ಮುಟ್ಟುವ ಮುಂಚೆ ಬಲಗಡೆಯ ಬ್ರೇಕನ್ನು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದ. ಹಿಡಿಕೆ ಎಷ್ಟು ದೂರ ಹೋಗುತ್ತದೆ, ಟೈರ್ ಎಷ್ಟು ಒಳಗೊತ್ತುತ್ತದೆ ಎಂದು ಬೆರಳಲ್ಲಿ ಅಳೆದ. ಆಮೇಲೆ ಎಡಗಡೆಯ ಅಲೆನ್ ಬೋಲ್ಟ್ ಎರಡನ್ನೂ ಸಡಿಲಿಸಿ, ಹಿಡಿಕಟ್ಟನ್ನು ಕೊಳವೆಯ ಮೇಲೆ ಮೊದಲಿನ ಗುರುತಿಗೆ ತಂದ. ಪೇಂಟ್ ಸವೆದ ಗೆರೆ ನೋಡಿ ಜಾಗ ಕಂಡುಹಿಡಿದದ್ದು. ಬಾಗಿದ್ದ ಪಟ್ಟಿಯನ್ನು ಬಿಚ್ಚಿ, ಮರದ ತುಂಡಿನ ಮೇಲಿಟ್ಟು ಎರಡೇ ಪೆಟ್ಟು. ಕುರ್ಚಿಯ ಮೇಲೆ ಸುತ್ತಿಗೆ ಬೀಳಲಿಲ್ಲ. ಕೊನೆಗೆ ತಮ್ಮನನ್ನು ಕೂರಿಸಿಕೊಂಡೇ ಹಿಂದಿನಿಂದ ಜೋರಾಗಿ ತಳ್ಳಿ ನೋಡಿದ. ಕುರ್ಚಿ ಅಲ್ಲಾಡಲಿಲ್ಲ. ಅರವತ್ತು ರೂಪಾಯಿ ಕೇಳಿದ. ತಮ್ಮ ಬಿಲ್ಲು ಬೇಕು ಎಂದ. ಆತ ನಕ್ಕು, ಮಗನ ನೋಟ್‌ಬುಕ್ಕಿನ ಹಾಳೆ ಹರಿದು ಮರಾಠಿಯಲ್ಲಿ ಬರೆದು ಸಹಿ ಹಾಕಿದ.

ಭಾನುವಾರ

ಶಾಂತಿ ಚೆನ್ನಾಗಿ ಆಯಿತು. ಸಭಾಂಗಣದ ಬಾಗಿಲಿಗೆ ಮೂರು ಮೆಟ್ಟಿಲಿದ್ದವು. ಮಾವ ಮುಂಬೈಯ ಫೋರ್ಟ್ ಕಡೆಯ ಉಡುಪಿ ಹೋಟೆಲಿನಲ್ಲಿ ಜೀವಮಾನ ಕಳೆದವರು. ಅಕ್ಕಿ ಮೂಟೆ ಜಾರಿಸುವ ಉದ್ದದ ಹಲಗೆಯನ್ನು ಹಳೆಯ ಹುಡುಗರ ಕೈಯಲ್ಲಿ ತರಿಸಿದ್ದರು. ತಮ್ಮ ಅದರ ಮೇಲೆ ತಾನೇ ಕುರ್ಚಿ ಹತ್ತಿಸಿದ. ಕೆಳಗೆ ನಾಲ್ಕು ಜನ ಕೈ ಚಾಚಿ ನಿಂತಿದ್ದರು, ಯಾರೂ ಮುಟ್ಟುವ ಅಗತ್ಯ ಬೀಳಲಿಲ್ಲ. ಊಟದ ನಂತರ ಹೆಂಗಸರೆಲ್ಲ ಕುಶನ್ನಿನ ಗುಬುಟು ಒತ್ತಿ ನೋಡುವ ಕಾರ್ಯಕ್ರಮ. ಕಾಪುವಿನಿಂದ ಬಂದಿದ್ದ ಒಬ್ಬ ಅಜ್ಜಿ ತನ್ನ ಮೊಣಕಾಲಿಗೂ ಇಂಥದ್ದು ಸಿಗುತ್ತದೆಯೇ ಎಂದು ಕೇಳಿದರು.

ಸೋಮವಾರ

ತಮ್ಮನಿಗೆ ಮರೀನ್ ಡ್ರೈವ್ ನೋಡಬೇಕಿತ್ತು. ಲೋಕಲ್ ರೈಲಿನಲ್ಲಿ ಅಂಗವಿಕಲರಿಗೆ ಬೇರೆ ಡಬ್ಬಿ ಇದೆ ನಿಜ. ಆದರೆ ಪ್ಲಾಟ್‌ಫಾರ್ಮಿಗೂ ಡಬ್ಬಿಗೂ ನಡುವಿನ ಸಂದು, ಎತ್ತರ, ನಿಲ್ಲುವ ಅರ್ಧ ನಿಮಿಷ ನೋಡಿದರೆ ಎದೆ ಝಲ್ಲೆನ್ನುತ್ತದೆ. ಹಾಗಾಗಿ ದಾದರಿನ ತನಕ ಟ್ಯಾಕ್ಸಿ, ಅಲ್ಲಿಂದ ಭೂಗತ ಮೆಟ್ರೊ. ಆರೆಯಿಂದ ಕಫ್ ಪರೇಡ್ ತನಕದ ಈ 33.5 ಕಿಲೋಮೀಟರ್ ಮಾರ್ಗ ಪೂರ್ತಿ ತೆರೆದದ್ದು 2025ರ ಅಕ್ಟೋಬರಿನಲ್ಲಿ. ಲಿಫ್ಟಿನಲ್ಲಿ ಇಳಿದೆವು. ಪ್ಲಾಟ್‌ಫಾರ್ಮಿನ ಗಾಜಿನ ಬಾಗಿಲು ತೆರೆಯಿತು, ರೈಲಿನ ನೆಲ ಪ್ಲಾಟ್‌ಫಾರ್ಮಿಗೆ ಸಮ. ಯಾರಿಗೂ ಏನೂ ಹೇಳದೆ, ಯಾರ ಕೈಯನ್ನೂ ಹಿಡಿಯದೆ ಒಳಗೆ ಹೋದ. "ಅಕ್ಕ, ಮುಂಬೈಲಿ ಇದುವರೆಗೆ ನಾನು ಯಾರಿಗೂ ಥ್ಯಾಂಕ್ಸ್ ಹೇಳಬೇಕಾಗಿ ಬರದ ಜಾಗ ಇದೊಂದೇ" ಎಂದ.

ಚರ್ಚ್‌ಗೇಟಿನಲ್ಲಿ ಇಳಿದು ಸಮುದ್ರದ ಕಡೆ ಹೋದೆವು. ಫುಟ್‌ಪಾತ್ ಏರುವ ಒಂದು ಕಡೆ ಮಾತ್ರ ನಾನು ಹಿಂದಿನಿಂದ ತಳ್ಳಬೇಕಾಯಿತು. ಆಮೇಲೆ ಅವನನ್ನು ಹಿಡಿಯಲು ನಾನೇ ಓಡಬೇಕಾಯಿತು. ಎದುರಿಗೆ ಆ ಹಳೆಯ ಆರ್ಟ್ ಡೆಕೊ ಕಟ್ಟಡಗಳ ಸಾಲು. 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ತಮ್ಮ ಅವುಗಳ ಬಾಗಿಲಿನ ಮೆಟ್ಟಿಲು ಎಣಿಸುತ್ತಿದ್ದ.

ಮಂಗಳವಾರ

ವಾಪಸು ಹೊರಟಾಗ ಕೌಂಟರಿನಲ್ಲಿ ನಮ್ಮ ಮುಂದೆ ಒಬ್ಬ ಹಿರಿಯರು, ಬ್ಯಾಟರಿ ಕುರ್ಚಿಯವರು. ಲಿಥಿಯಂ ಬ್ಯಾಟರಿ ಎಂದ ಕೂಡಲೇ ಸಿಬ್ಬಂದಿಯ ಮುಖ ಬದಲಾಯಿತು. ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಬ್ಯಾಟರಿಯ ಮೇಲಿನ ಚೀಟಿ ತೋರಿಸಿದರು: 24 ವೋಲ್ಟ್, 10 ಆಂಪಿಯರ್ ಅವರ್. ಗುಣಿಸಿದರೆ 240 ವ್ಯಾಟ್ ಅವರ್. ಕಳಚಲು ಬರುವ ಬ್ಯಾಟರಿಗೆ ಮಿತಿ 300. ಅದನ್ನು ಕುರ್ಚಿಯಿಂದ ತೆಗೆದು, ತುದಿಗಳಿಗೆ ಟೇಪ್ ಹಚ್ಚಿ, ಕೈಚೀಲದಲ್ಲೇ ಒಯ್ಯಬೇಕು. ತಯಾರಕರ ಪತ್ರವೂ ಅವರ ಹತ್ತಿರ ಇತ್ತು. ತಮ್ಮ ಅವರ ಫೈಲ್ ನೋಡಿ, "ನನ್ನದಕ್ಕಿಂತ ದಪ್ಪ ಇದೆ" ಎಂದು ಮೆಚ್ಚಿಕೊಂಡ.

ಬೆಂಗಳೂರಿನಲ್ಲಿ ಇಳಿಯುವ ಮುಂಚೆಯೇ ತಮ್ಮ ಗಗನಸಖಿಗೆ ಹೇಳಿಬಿಟ್ಟ: ನನ್ನ ಕುರ್ಚಿ ಬಾಗಿಲಿಗೆ ಬರುವ ತನಕ ಈ ಸೀಟು ಬಿಡುವುದಿಲ್ಲ. ಜಗಳದ ದನಿಯಲ್ಲಲ್ಲ, ಆದರೆ ಎರಡು ಸಲ. ಈ ಒಂದು ಮಾತು ಎಲ್ಲ ಟ್ಯಾಗುಗಳಿಗಿಂತ ಗಟ್ಟಿ. ಪ್ರಯಾಣಿಕ ಒಳಗೆ ಕೂತಿದ್ದರೆ ಮುಂದಿನ ಹಾರಾಟಕ್ಕೆ ಯಾರನ್ನೂ ಹತ್ತಿಸಲು ಆಗುವುದಿಲ್ಲವಲ್ಲ. ವಾಕಿಟಾಕಿಯಲ್ಲಿ ಎರಡು ಮಾತು ಓಡಿದವು, ಕುರ್ಚಿ ಬಂತು. ತಂದವನು ರಾಯಚೂರು ಕಡೆಯ ಹುಡುಗ. ನಮ್ಮ ಹಾಳೆ ಓದಿ ಕೊಳವೆಯನ್ನೇ ಹಿಡಿದು ಎತ್ತಿದ್ದನಂತೆ. "ಎಷ್ಟಾತ್ರಿ ಸರ್ ಇದಕ್ಕ?" ಎಂದು ಕೇಳಿದ. ಲಕ್ಷ ದಾಟಿದೆ ಎಂದಾಗ, "ನನ್ನ ಗಾಡಿಗಿಂತ ಜಾಸ್ತಿ ಐತಲ್ರಿ" ಎಂದು ಇನ್ನೊಮ್ಮೆ ಕುರ್ಚಿಯನ್ನು ಸುತ್ತು ಹಾಕಿ ನೋಡಿದ.

ಮುಂಬೈಯಲ್ಲಿ ಹೊಡೆದ ಗಾಳಿ ಇಲ್ಲಿಗೆ ಹೆಚ್ಚಾಗಿ ಕುಶನ್ ಬಿಗಿದುಕೊಂಡಿತ್ತು. ಕ್ಯಾಬ್ ಬರುವಷ್ಟರಲ್ಲಿ ವಾಲ್ವ್ ತಿರುಗಿಸಿ ಸರಿ ಮಾಡಿದೆವು.

ಬ್ರೇಕಿನ ದೂರನ್ನು ತಮ್ಮ ಅಂದೇ ರಾತ್ರಿ ಕಂಪನಿಗೆ ಮೇಲ್ ಮಾಡಿದ. ವರದಿಯ ನಂಬರ್, ಮೊದಲಿನ ಫೋಟೊ, ನಂತರದ ಫೋಟೊ, ಸೈಕಲ್ ಅಂಗಡಿಯ ಬಿಲ್ಲು ಎಲ್ಲ ಲಗತ್ತಿಸಿದ. ಅರವತ್ತು ರೂಪಾಯಿಗಾಗಿ ಅಲ್ಲ, ಬ್ರೇಕ್ ಮುರಿದದ್ದು ಯಾವುದಾದರೂ ಕಡತದಲ್ಲಿ ಇರಲಿ ಎಂದು. ಮೊನ್ನೆ ಉತ್ತರ ಬಂದಿದೆ. ತೊಂದರೆಗೆ ವಿಷಾದವಂತೆ, ಆದರೆ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇಲ್ಲವಂತೆ. ತಮ್ಮ ಮಾವನಿಗೆ ಫೋನ್ ಮಾಡಿ, ಸೈಕಲ್ ಅಂಗಡಿಯ ಫೋಟೊ ತೆಗೆದು ಕಳಿಸಿ, ನೀರಿನ ಬೋಗುಣಿ ಸಮೇತ, ಎಂದು ಹೇಳಿದ್ದಾನೆ.